ನಿರ್ಧಾರವನ್ನೂ ಯುವಜನರಿಗೆ ಕೊಡಿ

ಸಭೆಯ ಹಿರಿಯರೇ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 25 ವರ್ಷ. 1853ರಲ್ಲಿ ಬಂದ ಅದೇ ಮಿಶನ್ನಿನ ಕಿಟ್ಟೆಲ್‌ಗೆ ಬರೀ 21. ತಿರುನೆಲ್ವೇಲಿಯಲ್ಲಿ 1903ರಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಲು ಮುಂದಾದ ವಿ.ಎಸ್. ಅಜರಯ್ಯನವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಇಂದು ಆ ವಯಸ್ಸಿನವರಿಗೆ ನಾವು ಹಾಡಲು ಮೈಕ್ ಕೊಡುತ್ತೇವೆ, ನಿರ್ಧಾರ ಮಾತ್ರ ಕಮಿಟಿಯದು. ಇದು ನನಗೆ ನೋವು ತರುತ್ತದೆ. ಹೊಸ ಊರಿನಲ್ಲಿ ಸೇವೆ ಆರಂಭಿಸುವ ಹಂಬಲವಿರುವ ಹುಡುಗ ಹುಡುಗಿಯರನ್ನು ಕರೆದು ಮಾತಾಡಿಸಿ. ಜೊತೆಗಾರರ ಆಯ್ಕೆ, ಹಣದ ಯೋಜನೆ ಅವರಿಗೇ ಬಿಡಿ. ಲೆಕ್ಕ ಕೇಳಿ, ಆದರೆ ಹೆಜ್ಜೆಹೆಜ್ಜೆಗೂ ಅಪ್ಪಣೆ ಬೇಕೆನ್ನಬೇಡಿ. ಹೊಸ ಊರಿನ ಮಾತು, ಜನರನ್ನು ಅರಿಯಲು ವರ್ಷಗಳೇ ಬೇಕು; ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಂದದ್ದೂ ಅವರು ಬಂದ ನಾಲ್ಕು ದಶಕಗಳ ಮೇಲೆ, 1894ರಲ್ಲಿ. ಯುವಜನರು ಎಡವಿದಾಗ ಪಕ್ಕದಲ್ಲಿ ನಿಂತು ಪ್ರಾರ್ಥಿಸಿ. ಈ ವಿಷಯವನ್ನು ಮುಂದಿನ ಕಮಿಟಿಯಲ್ಲೇ ಎತ್ತಿ.