ಎರೆಯ ಕೆಸರು ಮತ್ತು ಡಿಫರೆನ್ಷಿಯಲ್ ಲಾಕು

ಮಳೆಗಾಲದಲ್ಲಿ ಎರೆಯ ನೆಲದ ಮೇಲೆ ಮೋಟಾರು ನಡೆಸಿದವರೆಲ್ಲರೂ ಕಂಡಿರುವ ಒಂದು ನೋಟವುಂಟು. ಹಿಂಚಕ್ರಗಳಲ್ಲಿ ಒಂದು ಕೆಸರಿನಲ್ಲಿದೆ, ಇನ್ನೊಂದು ಗಟ್ಟಿ ನೆಲದ ಮೇಲಿದೆ. ಎಂಜಿನಿನ ವೇಗವನ್ನು ಎಷ್ಟು ಹೆಚ್ಚಿಸಿದರೂ ಕೆಸರಿನಲ್ಲಿರುವ ಚಕ್ರವೇ ಬುಗುರಿಯಂತೆ ಸುತ್ತುತ್ತದೆ; ಗಟ್ಟಿ ನೆಲದ ಚಕ್ರ ಕದಲುವುದಿಲ್ಲ. ಹಿಡಿತವುಳ್ಳ ಚಕ್ರ ಸುಮ್ಮನೆ ನಿಂತು, ಹಿಡಿತವಿಲ್ಲದ ಚಕ್ರ ವ್ಯರ್ಥವಾಗಿ ದುಡಿಯುವ ಈ ವಿಪರೀತಕ್ಕೆ ಕಾರಣವೇನು?

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಏಕಾಂತದ ರಾಮಯ್ಯನ ಕಥೆಯನ್ನು ಕಲ್ಲಿನಲ್ಲಿ ಕಡೆದಿರುವ ಸೋಮೇಶ್ವರ ದೇವಾಲಯವನ್ನು ನೋಡಲು, ಸರ್ವಜ್ಞನ ಹುಟ್ಟೂರೆಂಬ ಪ್ರತೀತಿಯುಳ್ಳ ಈ ಊರಿಗೆ ಪ್ರವಾಸಿಗಳು ಬರುತ್ತಾರೆ. ಹಾಸಿಗೆ, ನೀರಿನ ತೊಟ್ಟಿ, ಅಡಿಗೆಯ ಸಾಮಾನುಗಳನ್ನು ಹೇರಿಕೊಂಡು ವಾರಗಟ್ಟಲೆ ಊರೂರು ಸುತ್ತುವ ದೊಡ್ಡ ವಾಹನವೊಂದು ಅಲ್ಲಿಂದ ಮುಂದೆ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿಯಿತೆನ್ನಿ. ಜಿಲ್ಲೆಯ ಎರೆಮಣ್ಣಿನ ಗುಣ ಆಗ ತಿಳಿಯುತ್ತದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಅದರ ಕಣಗಳು ತೆಳುವಾದ ಪದರಗಳಿಂದಾಗಿವೆ. ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಸಿಯಾಗಿರುವಾಗ ಅದು ಟೈರಿನ ಸಂದುಗಳನ್ನೆಲ್ಲ ತುಂಬಿ, ಹಲ್ಲುಳ್ಳ ಟೈರನ್ನು ನುಣ್ಣನೆಯ ಉರುಳೆಯನ್ನಾಗಿ ಮಾಡಿಬಿಡುತ್ತದೆ.

ನಮ್ಮ ಚಕ್ಕಡಿಗೆ ಈ ತೊಡಕಿಲ್ಲ. ಅದರ ಅಚ್ಚು ತಿರುಗುವುದಿಲ್ಲ; ಗಾಲಿಗಳೆರಡೂ ಅದರ ತುದಿಗಳಲ್ಲಿ ತಮ್ಮಷ್ಟಕ್ಕೆ ತಿರುಗುತ್ತವೆ. ಎಳೆಯುವುದು ಎತ್ತು, ಗಾಲಿಯಲ್ಲ. ಮೋಟಾರಿನಲ್ಲಾದರೋ ಎಂಜಿನು ಗಾಲಿಗಳನ್ನೇ ತಿರುಗಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವುಗಳಲ್ಲಿ ತೊಂದರೆ, ಏಕೆಂದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕು. ಎಷ್ಟು ಹೆಚ್ಚು? ಚಕ್ರಗಳ ನಡುವಣ ಅಂತರ 1.6 ಮೀಟರ್ ಆಗಿದ್ದರೆ, ಪೂರ್ತಿ ಒಂದು ಸುತ್ತಿಗೆ ಈ ವ್ಯತ್ಯಾಸ 2 × 3.14 × 1.6, ಅಂದರೆ ಸುಮಾರು 10 ಮೀಟರ್. ವಾಹನ ಚಿಕ್ಕ ವೃತ್ತದಲ್ಲಿ ತಿರುಗಲಿ, ದೊಡ್ಡ ವೃತ್ತದಲ್ಲಿ ತಿರುಗಲಿ, ವ್ಯತ್ಯಾಸ ಅಷ್ಟೆ ಎಂಬುದು ಸ್ವಾರಸ್ಯ; ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿ ನೋಡಬಹುದು. ಮೂಲೆಯೊಂದರಲ್ಲಿ ಲಂಬಕೋನಕ್ಕೆ ತಿರುಗಿದರೆ ಎರಡೂವರೆ ಮೀಟರ್. ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ಕಡಿಮೆ ಒಂದು ಸುತ್ತು ಹೆಚ್ಚಾಗಿ ಉರುಳಬೇಕಾಗುತ್ತದೆ.

ಈ ಸ್ವಾತಂತ್ರ್ಯವನ್ನು ಚಕ್ರಗಳಿಗೆ ಕೊಡುವುದೇ ಡಿಫರೆನ್ಷಿಯಲ್. ಉಗಿಬಂಡಿಗೆಂದು ಇದನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1828ರಲ್ಲಿ ಪೇಟೆಂಟು ಮಾಡಿಸಿದನು. ಇದರ ಒಳಗಣ ಚಿಕ್ಕ ಹಲ್ಲುಚಕ್ರವನ್ನು ನಡುವೆ ಕೀಲಿಟ್ಟ ನೊಗಕ್ಕೆ ಹೋಲಿಸಬಹುದು. ಒಂದು ಎತ್ತು ಮುಂದಾದರೆ ನೊಗ ಓರೆಯಾಗುತ್ತದೆ. ಆದರೂ ಎರಡು ತುದಿಗಳ ಎಳೆತ ಸಮವಾಗಿಯೇ ಇರುತ್ತದೆ. ಒಂದು ಎತ್ತು ಸೋತರೆ ಇನ್ನೊಂದರ ಶಕ್ತಿಯೂ ಅಷ್ಟಕ್ಕೇ ನಿಲ್ಲುತ್ತದೆ. ಡಿಫರೆನ್ಷಿಯಲ್ಲಿನ ನಿಯಮವೂ ಇದೇ: ವೇಗ ಬೇರೆಯಾಗಬಹುದು, ತಿರುಗುಬಲ ಮಾತ್ರ ಎರಡು ಕಡೆಗೂ ಸಮ. ನೊಗವನ್ನು ಓರೆಯಾಗದಂತೆ ಮೂಕಿಗೆ ಬಿಗಿದು ಕಟ್ಟಿದಂತೆ ಈ ಹಲ್ಲುಚಕ್ರವನ್ನು ಬಂಧಿಸುವ ಸಾಧನವೇ ಲಾಕು.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಾಹನದ ತೂಕ 3000 ಕಿಲೋಗ್ರಾಂ. ಹಿಂದಿನ ಒಂದೊಂದು ಚಕ್ರದ ಮೇಲೆ 900 ಕಿಲೋ. ಘರ್ಷಣಾಂಕ ಕೆಸರಿನಲ್ಲಿ 0.1, ಗಟ್ಟಿ ನೆಲದಲ್ಲಿ 0.6 ಎಂದಿಟ್ಟುಕೊಳ್ಳಿ. ಕೆಸರಿನ ಚಕ್ರ 90 ಕಿಲೋ ಬಲದಿಂದ ನೂಕಬಲ್ಲುದು, ಇನ್ನೊಂದು 540. ಹತ್ತಕ್ಕೆ ಒಂದರ ಏರನ್ನು ಹತ್ತಲು 300 ಕಿಲೋ ಬಲ ಬೇಕು. ಕೆಸರಿನ ತಡೆಗೆ 150 ಸೇರಿಸಿದರೆ 450. ಸಾದಾ ಡಿಫರೆನ್ಷಿಯಲ್ಲಿನಲ್ಲಿ ಸಿಕ್ಕುವುದು 90ರ ಎರಡರಷ್ಟು, ಅಂದರೆ 180 ಮಾತ್ರ. ಲಾಕು ಬಿದ್ದರೆ 90 ಮತ್ತು 540 ಕೂಡಿ 630. ಮೊದಲನೆಯದು ಹೂತುಕೊಳ್ಳುತ್ತದೆ, ಎರಡನೆಯದು ಏರುತ್ತದೆ.

ನಾಲ್ಕು ಚಕ್ರಗಳಿಗೂ ಚಾಲನೆಯುಂಟೆಂದು ಹಿಗ್ಗುವವರು ಒಂದು ಮಾತನ್ನು ಗಮನಿಸಬೇಕು. ಹಿಂದೊಂದು ಮುಂದೊಂದು ಚಕ್ರ ಮೂಲೆಗೆ ಮೂಲೆಯಾಗಿ ಹಿಡಿತ ತಪ್ಪಿದರೆ, ಸಾದಾ ಡಿಫರೆನ್ಷಿಯಲ್ಲುಗಳುಳ್ಳ ಆ ಗಾಡಿಯೂ ನಿಲ್ಲುತ್ತದೆ.

ಲಾಕುಗಳಲ್ಲಿ ಹಲವು ಬಗೆ. ಎರಡು ಕಡೆಯ ಬಲಗಳ ವ್ಯತ್ಯಾಸವನ್ನು ಒಂದು ಮಿತಿಯವರೆಗೆ ಮಾತ್ರ ಸಹಿಸುವ ಸಾಧನಗಳನ್ನು ನಿಜವಾದ ಲಾಕೆನ್ನಲಾಗದು. ಅಮೆರಿಕೆಯ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟು ಪಡೆದ ಟಾರ್ಸನ್ ಈ ಗುಂಪಿನದು. ಬಲದ ಪ್ರಮಾಣ ಒಂದಕ್ಕೆ ಮೂರು ಎಂದಿಟ್ಟುಕೊಂಡರೆ ನಮ್ಮ ಏರಿನಲ್ಲಿ 90 ಮತ್ತು 270, ಒಟ್ಟು 360, ಬೇಕಾದದ್ದು 450. ಚಕ್ರ ಗಾಳಿಯಲ್ಲಿ ತೇಲಿತೆಂದರೆ ಸೊನ್ನೆಯ ಮೂರರಷ್ಟು ಸೊನ್ನೆಯೇ. ಡಾಂಬರಿನಲ್ಲಿ ಬಹು ಸೊಗಸಾದ ಈ ಸಾಧನ ಎರೆಯ ಕೆಸರಿಗೆ ಸಾಲದು.

ಇನ್ನು ತಾನಾಗಿ ಬೀಳುವ ಲಾಕು. ಡೆಟ್ರಾಯಿಟ್ ಲಾಕರ್ ಎಂಬುದು ಚಕ್ರಗಳೆರಡನ್ನೂ ಸದಾ ಬಂಧಿಸಿಟ್ಟು, ತಿರುವಿನಲ್ಲಿ ಹೊರಚಕ್ರಕ್ಕೆ ಮಾತ್ರ ಬಿಡುಗಡೆ ಕೊಡುತ್ತದೆ. ಕೆಸರಿನಲ್ಲಿ ನಂಬಬಹುದಾದದ್ದು, ಆದರೆ ನೆನೆದ ಹೆದ್ದಾರಿಯ ತಿರುವಿನಲ್ಲಿ ಭಾರೀ ವಾಹನವನ್ನು ಸರಕ್ಕನೆ ಜಗ್ಗೀತು. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಕೆಲವು ಮಾದರಿಗಳ ಹಿಂದಿನ ಅಚ್ಚಿನಲ್ಲಿರುವುದು ಇನ್ನೊಂದು ಬಗೆ: ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಹೆಚ್ಚು ತಿರುಗಿದಾಗ ಒಳಗಿನ ಗುಂಡುಗಳು ಕೇಂದ್ರಾಪಗಾಮಿ ಬಲದಿಂದ ಹೊರಚಾಚಿ ಲಾಕನ್ನು ಬೀಳಿಸುತ್ತವೆ. ಚಾಲಕನು ಏನನ್ನೂ ಮುಟ್ಟಬೇಕಾಗಿಲ್ಲ. ಆದರೆ ಚಕ್ರ ಮೊದಲು ಜಾರಲೇಬೇಕು. ಅಷ್ಟರೊಳಗೆ ಅದು ಕೆಸರಿನಲ್ಲಿ ಗುಳಿ ತೋಡಿರುತ್ತದೆ.

ಮೂರನೆಯದು ಚಾಲಕನು ತಾನೇ ಹಾಕಿ ತೆಗೆಯುವ ಲಾಕು. ಸನ್ನೆ, ಗಾಳಿಯ ಒತ್ತಡ ಅಥವಾ ವಿದ್ಯುತ್ತು ಇದನ್ನು ನಡೆಸುತ್ತದೆ. ಫೋರ್ಸ್ ಗೂರ್ಖಾದಲ್ಲಿ ಹಿಂದಿನ ಮತ್ತು ಮುಂದಿನ ಅಚ್ಚುಗಳೆರಡಕ್ಕೂ ಇಂಥದೇ ಉಂಟು. ಇದು ನಮ್ಮ ರೈತರಿಗೆ ಹೊಸದಲ್ಲ. ಅವರ ಟ್ರ್ಯಾಕ್ಟರಿನಲ್ಲಿ ಕಾಲಿನಿಂದ ಒತ್ತುವ ಲಾಕು ಬಹುಕಾಲದಿಂದಲೂ ಇದೆ. ಟ್ರ್ಯಾಕ್ಟರಿನಲ್ಲಿ ಎಡಬಲಗಳಿಗೆ ಬೇರೆ ಬೇರೆ ಬ್ರೇಕುಗಳೂ ಇರುವುದರಿಂದ ಜಾಣ ಚಾಲಕನು ಜಾರುವ ಚಕ್ರದ ಬ್ರೇಕನ್ನು ಮಾತ್ರ ಒತ್ತಿ ಹೊರಬರುತ್ತಾನೆ. ಇಂದಿನ ಕಾರುಗಳಲ್ಲಿ ಕಂಪ್ಯೂಟರು ಮಾಡುವುದೂ ಈ ಯುಕ್ತಿಯನ್ನೇ. ನಮ್ಮ ಲೆಕ್ಕದಲ್ಲಿ ಬ್ರೇಕು 300 ಕಿಲೋ ತಡೆಯೊಡ್ಡಿದರೆ, ಅತ್ತ 390, ಇತ್ತಲೂ 390. ಅದರಲ್ಲಿ 300 ಬ್ರೇಕಿನ ಪಾಲಾಗಿ 480 ಉಳಿಯುತ್ತದೆ. ಏರಿಗೆ ಸಾಕು. ಆದರೆ ಆ 300ರ ದುಡಿಮೆಯೆಲ್ಲ ಶಾಖವಾಗುವುದರಿಂದ, ಭಾರ ಹೊತ್ತ ಗಾಡಿ ಅರ್ಧ ಮೈಲಿಯ ಕೆಸರನ್ನು ಈ ಉಪಾಯದಿಂದಲೇ ದಾಟಲಾರದು.

ಹೆದ್ದಾರಿಯಲ್ಲಿ ಹೆಚ್ಚು ದೂರ ಓಡಿ, ಕೆಲವೇ ಮೈಲಿ ಕೆಸರು ತುಳಿಯುವ ದೊಡ್ಡ ಪ್ರವಾಸೀ ವಾಹನಕ್ಕೆ ಈ ಮೂರನೆಯ ಬಗೆಯೇ ತಕ್ಕದ್ದೆಂದು ನನ್ನ ಅಭಿಪ್ರಾಯ. ಬೇಡವಾದಾಗ ಅದು ಸಾದಾ ಡಿಫರೆನ್ಷಿಯಲ್ಲಿನಂತೆಯೇ ಇರುತ್ತದೆ. ಬೇಕಾದಾಗ ಪೂರ್ಣವಾಗಿ ಬಂಧಿಸುತ್ತದೆ. ಮೊದಲು ಹಿಂದಿನ ಅಚ್ಚಿಗೆ ಹಾಕಿಸಬೇಕು, ಏಕೆಂದರೆ ಸಾಮಾನುಗಳ ಭಾರವೂ ಏರಿನಲ್ಲಿ ಸರಿಯುವ ಭಾರವೂ ಬೀಳುವುದು ಅಲ್ಲಿ. ಮುಂದಿನ ಅಚ್ಚಿಗೆ ಲಾಕು ಹಾಕಿದರೆ ಸ್ಟಿಯರಿಂಗು ಬಿಗಿಯುತ್ತದೆ. ಬಂಡೆಗಳ ಮೇಲೆ ಹತ್ತುವ ಹುಚ್ಚಿಲ್ಲದವರು ಅದನ್ನು ಬಿಡಬಹುದು.

ಕೊಳ್ಳುವ ಮುನ್ನ ಅಚ್ಚಿನ ಸತ್ತ್ವವನ್ನೂ ವಿಚಾರಿಸಬೇಕು. ನಮ್ಮ ಉದಾಹರಣೆಯಲ್ಲಿ ಗಟ್ಟಿ ನೆಲದ ಕಡೆಯ ಅರ್ಧ ಅಚ್ಚು ಹೊರುವ ಬಲ 90ರಿಂದ 540ರವರೆಗೆ, ಆರು ಪಟ್ಟು, ಏರಬಹುದು. ದೊಡ್ಡ ಟೈರು ಹಾಕಿಸಿದ್ದರೆ ತಿರುಚು ಇನ್ನೂ ಹೆಚ್ಚು. ಊರಿಂದ ದೂರದ ಹೊಲದಲ್ಲಿ ಅಚ್ಚು ಮುರಿದುಕೊಳ್ಳುವುದಕ್ಕಿಂತ ಕೆಸರಿನಲ್ಲಿ ಹೂತುಕೊಳ್ಳುವುದೇ ಲೇಸು; ಹೂತ ಗಾಡಿಯನ್ನು ಟ್ರ್ಯಾಕ್ಟರು ಎಳೆದೀತು.

ಲಾಕನ್ನು ಚಕ್ರ ಸುತ್ತುತ್ತಿರುವಾಗ ಹಾಕಬಾರದು. ಕೆಸರಿಗೆ ಇಳಿಯುವ ಮೊದಲೇ, ನಿಂತು ಅಥವಾ ಮೆಲ್ಲನೆ ಸಾಗುತ್ತ, ಹಾಕಿಕೊಂಡು ನೆಟ್ಟಗೆ ದಾಟಬೇಕು; ಗಟ್ಟಿ ನೆಲ ಸಿಕ್ಕೊಡನೆ ತೆಗೆಯಬೇಕು. ಪಕ್ಕಕ್ಕೆ ಇಳಿಜಾರಾದ ಬದುವಿನ ಮೇಲಂತೂ ವಿಶೇಷ ಎಚ್ಚರ ಬೇಕು. ಸಾದಾ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಜಾರಿದರೆ ನಿಂತಿರುವ ಇನ್ನೊಂದು ಗಾಡಿಯನ್ನು ಅಡ್ಡಜಾರದಂತೆ ಹಿಡಿದಿರುತ್ತದೆ. ಲಾಕು ಬಿದ್ದಾಗ ಎರಡೂ ಒಟ್ಟಿಗೆ ಜಾರಿದರೆ ಆ ಹಿಡಿತವೂ ಹೋಗಿ, ಗಾಡಿಯ ಹಿಂಭಾಗ ಕೆಳಕ್ಕೆ ಸರಿಯುತ್ತದೆ.

ಗಾಳಿಯಿಂದ ನಡೆಯುವ ಲಾಕಿನ ಜೊತೆಗೆ ಒಂದು ಪುಟ್ಟ ಗಾಳಿಯಂತ್ರವೂ ಬೇಕಾಗುತ್ತದೆ. ಇದನ್ನು ದಂಡದ ಖರ್ಚೆಂದು ಭಾವಿಸಬೇಕಾಗಿಲ್ಲ. ಕೆಸರಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ನೆಲದ ಮೇಲೆ ಹೆಚ್ಚು ಹರಡಿ ಹೂಳುವುದು ತಗ್ಗುತ್ತದೆ. ಡಾಂಬರಿಗೆ ಮರಳಿದ ಮೇಲೆ ಅದನ್ನು ತುಂಬಲು ಅದೇ ಯಂತ್ರ ಒದಗುತ್ತದೆ.