ವಸಾಯಿಯ ಕೋಟೆ ಮತ್ತು ನಾಲ್ಕು ಕರಾರುಗಳು

ವಿರಾರ್ ಗಾಡಿಯಲ್ಲಿ ದಿನವೂ ಓಡಾಡುವ ನಮ್ಮ ಅನೇಕ ಬಂಧುಗಳಿಗೆ ವಸಾಯಿ ರೋಡ್ ಎಂಬುದು ಒಂದು ಸ್ಟೇಶನ್ನಿನ ಹೆಸರು ಮಾತ್ರ. ಅಲ್ಲಿಂದ ಪಶ್ಚಿಮಕ್ಕೆ ಬಸ್ಸು ಹಿಡಿದು ಹೋದರೆ, ಉಲ್ಹಾಸ ನದಿಯ ಖಾಡಿ ಸಮುದ್ರವನ್ನು ಸೇರುವಲ್ಲಿ ಒಂದು ದೊಡ್ಡ ಕೋಟೆಯುಂಟು. ಒಳಗೆ ಮಾಡು ಬಿದ್ದ ಇಗರ್ಜಿಗಳು, ಪಾಳು ಗೋಡೆಗಳು, ತಾಳೆಯ ಮರಗಳು. ಕೋಟೆಯ ಚರಿತ್ರೆಯನ್ನು ತೋಪು ಕತ್ತಿಗಳ ಕಥೆಯಾಗಿ ಹೇಳುವುದು ವಾಡಿಕೆ. ನಾವಾದರೋ ಇದನ್ನು ನಾಲ್ಕು ಕರಾರುಗಳ ಕಥೆಯಾಗಿ ಹೇಳಬಯಸುತ್ತೇವೆ. ಅವುಗಳಲ್ಲಿ ಕೊನೆಯದು ನಮ್ಮ ಸವಣೂರು ಬಂಕಾಪುರಗಳನ್ನೂ ಮುಟ್ಟಿದೆ.

ಈ ಪ್ರದೇಶ ಬಹಳ ಹಳೆಯದು. ನೆರೆಯ ಸೋಪಾರದಲ್ಲಿ ಅಶೋಕನ ಶಾಸನದ ತುಂಡೊಂದು 1882ರಲ್ಲಿ ದೊರೆಯಿತು. ಮುಂದೆ ನಮ್ಮ ರಾಷ್ಟ್ರಕೂಟರ ಸಾಮಂತರಾದ ಶಿಲಾಹಾರರು ಈ ಉತ್ತರ ಕೊಂಕಣವನ್ನು ಆಳಿದರು. 16ನೆಯ ಶತಮಾನದ ಆರಂಭದಲ್ಲಿ ವಸಾಯಿ ಗುಜರಾತಿನ ಸುಲ್ತಾನರ ಕೈಯಲ್ಲಿತ್ತು.

ಮೊದಲನೆಯ ಕರಾರು 1534ರದು. ಒಂದು ಕಡೆ ಮೊಗಲ ದೊರೆ ಹುಮಾಯೂನನ ಭಯ, ಇನ್ನೊಂದು ಕಡೆ ಪೋರ್ಚುಗೀಸರ ಹಡಗುಗಳ ಕಾಟ. ಇವೆರಡರ ನಡುವೆ ಸಿಕ್ಕಿದ ಸುಲ್ತಾನ ಬಹಾದುರ ಶಹನು ಡಿಸೆಂಬರ್ 23ರಂದು ವಸಾಯಿಯನ್ನೂ ಅದರೊಡನೆ ಮುಂಬಯಿಯ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. 1536ರಲ್ಲಿ ಅವರ ಒಳಕೋಟೆ ಎದ್ದಿತು. ಕ್ರಮೇಣ ಊರಿಗೆ ಊರನ್ನೇ ಸುತ್ತುವರಿದು, ನೆಲದ ಕಡೆಗೊಂದು, ಸಮುದ್ರದ ಕಡೆಗೊಂದು ಬಾಗಿಲಿಟ್ಟು, ಬುರುಜುಗಳುಳ್ಳ ಹೊರಗೋಡೆ ಕಟ್ಟಿದರು. ವಸಾಯಿ ಅವರ ಉತ್ತರ ಪ್ರಾಂತದ ರಾಜಧಾನಿಯಾಯಿತು. ಇಲ್ಲಿಯ ಕಲ್ಲು ಗೋವೆಯ ಕಟ್ಟಡಗಳಿಗೂ ಹೋಯಿತು. ಇಲ್ಲಿ ಹಡಗುಗಳನ್ನೂ ಕಟ್ಟುತ್ತಿದ್ದರು. 1597ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಶಿಲುಬೆಗೇರಿ ಸತ್ತು, 1862ರಲ್ಲಿ ಸಂತ ಪದವಿ ಪಡೆದ ಗೊನ್ಸಾಲೊ ಗಾರ್ಸಿಯಾ ಹುಟ್ಟಿದ ಊರೂ ಇದೇ.

ನಡುವೆ 1661ರಲ್ಲಿ ಮುಂಬಯಿಯು ಪೋರ್ಚುಗೀಸ್ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿನ ಅರಸನಿಗೆ ಹೋಯಿತು. 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟನು. ವಸಾಯಿ ಮಾತ್ರ ಪೋರ್ಚುಗೀಸರಲ್ಲೇ ಉಳಿಯಿತು.

ಎರಡನೆಯದು 1739ರ ಶರಣಾಗತಿಯ ಕರಾರು. 1737ರಲ್ಲಿಯೇ ಮರಾಠರು ಠಾಣೆಯನ್ನೂ ಸಾಷ್ಟಿಯನ್ನೂ ಗೆದ್ದುದರಿಂದ, ವಸಾಯಿಯ ನೆರೆಯ ನೆಲವೆಲ್ಲ ಕೈಬಿಟ್ಟು ಕೋಟೆ ಒಂಟಿಯಾಯಿತು. 1739ರಲ್ಲಿ ಪೇಶವೆ ಒಂದನೆಯ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ ಮುತ್ತಿಗೆ ಹಾಕಿದನು. ಮರಾಠರು ಗೋಡೆಯಡಿ ಸುರಂಗ ತೋಡಿ, ಮದ್ದು ತುಂಬಿ ಸಿಡಿಸಿದರು. ಇಬ್ಬದಿಯಲ್ಲೂ ಬಹಳ ಜನ ಸತ್ತರು. ಮೇ ತಿಂಗಳಲ್ಲಿ ಕೋಟೆ ಶರಣಾಯಿತು. ಸೋತವರು ಆಯುಧಗಳೊಂದಿಗೆ, ಸಾಗಿಸಬಹುದಾದ ಸೊತ್ತಿನೊಂದಿಗೆ, ಮರ್ಯಾದೆಯಿಂದ ಹೊರಟುಹೋಗಬಹುದೆಂದು ಚಿಮಾಜಿ ಒಪ್ಪಿದನು. ಇಗರ್ಜಿಗಳ ಗಂಟೆಗಳು ಮಾತ್ರ ಮಹಾರಾಷ್ಟ್ರದ ದೇವಾಲಯಗಳಿಗೆ ಹೋದವು. ಭೀಮಾಶಂಕರದಲ್ಲಿಯೂ ನಾಸಿಕದ ನಾರೋಶಂಕರ ಗುಡಿಯಲ್ಲಿಯೂ ಅಂಥವನ್ನು ಕಾಣಬಹುದು.

ಮೂರನೆಯದು 1782ರ ಸಾಲಬಾಯಿ ಕರಾರು. 1780ರ ಡಿಸೆಂಬರಿನಲ್ಲಿ ಕಂಪನಿಯ ಸೇನಾಪತಿ ಗೊಡಾರ್ಡನು ವಸಾಯಿಯನ್ನು ಗೆದ್ದಿದ್ದನು. ಈ ಕರಾರಿನಿಂದ ಅದು ಮರಾಠರಿಗೆ ಮರಳಿತು. ಆದರೆ ಸಾಷ್ಟಿಯನ್ನು ಕಂಪನಿಯವರು ಇಟ್ಟುಕೊಂಡರು.

ನಾಲ್ಕನೆಯದೇ ಎಲ್ಲಕ್ಕಿಂತ ಭಾರವಾದುದು. 1802ರ ಅಕ್ಟೋಬರಿನಲ್ಲಿ ಯಶವಂತರಾವ್ ಹೋಳ್ಕರನು ಪುಣೆಯ ಬಳಿ ಎರಡನೆಯ ಬಾಜೀರಾಯನ ಸೈನ್ಯವನ್ನು ಸೋಲಿಸಿದನು. ಪೇಶವೆ ಓಡಿ, ಇಂಗ್ಲೀಷರ ಆಶ್ರಯದಲ್ಲಿ ವಸಾಯಿಗೆ ಬಂದನು. ಡಿಸೆಂಬರ್ 31ರಂದು ಕರಾರಾಯಿತು. ಗಾದಿ ಮರಳಿ ದೊರಕಿಸಿಕೊಡುವುದಕ್ಕೆ ಕಂಪನಿಯ ಬೆಲೆ ಏನು? ಕಂಪನಿಯ 6,000 ಕಾಲಾಳುಗಳು ಪೇಶವೆಯ ರಾಜ್ಯದಲ್ಲಿ ಕಾಯಮ್ಮಾಗಿ ನಿಲ್ಲಬೇಕು. ಅವರ ವೆಚ್ಚಕ್ಕೆ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಗಳನ್ನು ಬಿಟ್ಟುಕೊಡಬೇಕು. ಕಂಪನಿಯನ್ನು ಕೇಳದೆ ಅನ್ಯ ರಾಜರೊಡನೆ ವ್ಯವಹರಿಸಕೂಡದು. ಹೀಗೆ ಬರೆದುಕೊಟ್ಟ ಸೀಮೆಗಳಲ್ಲಿ ಸವಣೂರು ಬಂಕಾಪುರಗಳೂ ಇದ್ದವು. ಮರುವರ್ಷ ಬುಂದೇಲಖಂಡದ ಭೂಮಿಗೆ ಬದಲಾಗಿ ಅವು ಪೇಶವೆಗೆ ಮರಳಿದವು. ಅಲ್ಲಿ ಉಳುತ್ತಿದ್ದ ರೈತನನ್ನು ಯಾರೂ ಕೇಳಿರಲಿಲ್ಲ.

ಗಾದಿ ಉಳಿಸಿಕೊಳ್ಳಲು ಹಾಕಿದ ಸಹಿ ಗಾದಿಯನ್ನೇ ನುಂಗಿತು. 1818ರಲ್ಲಿ ಪೇಶವೆಯ ರಾಜ್ಯ ಮುಗಿಯಿತು. ಧಾರವಾಡ, ಬೆಳಗಾವಿ ಸೀಮೆಗಳು ಕಂಪನಿಯ ಆಳ್ವಿಕೆಗೆ ಬಂದು, ಮುಂದೆ 1956ರವರೆಗೂ ಮುಂಬಯಿ ಆಡಳಿತದಲ್ಲಿದ್ದವು. ಆ ಕಡೆಯ ನಮ್ಮ ಹಿರಿಯರಿಗೆ ಮುಂಬಯಿಯೇ ರಾಜಧಾನಿಯಾದುದಕ್ಕೆ ಒಂದು ಬೇರು ಈ ವಸಾಯಿಯಲ್ಲಿದೆ.

ಚಿಮಾಜಿಯ ಸೈನ್ಯ ತಿಂಗಳುಗಟ್ಟಲೆ ರಕ್ತ ಸುರಿಸಿ ಗೆದ್ದ ಕೋಟೆಯಲ್ಲಿಯೇ, ಅವನ ಅಣ್ಣನ ವಂಶದ ಕುಡಿ 63 ವರ್ಷಗಳ ತರುವಾಯ ಒಂದು ಕಾಗದದಲ್ಲಿ ಸ್ವಾತಂತ್ರ್ಯ ಬಿಟ್ಟನು. ಗೋಡೆ ಆಗಲೂ ನಿಂತೇ ಇತ್ತು, ಈಗಲೂ ನಿಂತಿದೆ. ಕಷ್ಟದ ಗಳಿಗೆಯಲ್ಲಿ ನೆರವು ನೀಡಲು ಬಂದವನ ಕಾಗದವನ್ನೇ ಹೆಚ್ಚು ಎಚ್ಚರದಿಂದ ಓದಬೇಕೆಂಬುದು ಇದರ ಪಾಠ. ಅರಸರಿಗೆ ಸೀಮೆಯ ಕರಾರು. ನಮಗೆ ಖೋಲಿಯ ಬಾಡಿಗೆ ಚೀಟಿ, ಸಾಲದ ಪತ್ರ, ನೌಕರಿಯ ಕಾಗದ. ಅಳತೆ ಬೇರೆ, ನ್ಯಾಯ ಒಂದೇ.

ಬಿಡುವಿನ ಭಾನುವಾರ ಮಕ್ಕಳೊಡನೆ ಹೋಗಿ ಕೋಟೆಯನ್ನು ನೋಡಿಬನ್ನಿರಿ. ತಿಳಿಯದ ಕಾಗದ ಯಾವುದಾದರೂ ಕೈಗೆ ಬಂದರೆ, ಸಹಿ ಹಾಕುವ ಮೊದಲು ವಾಚನಾಲಯಕ್ಕೆ ತನ್ನಿರಿ, ಕೂಡಿ ಓದೋಣ.