ಬೆರಳ ಗುರುತೂ ಮುಖದ ಗುರುತೂ: ಫೋನಿನ ಬೀಗವನ್ನು ಕುರಿತ ಒಂದು ವಿಚಾರ

ಹಿಂದಿನ ಕಾಲದ ಗೃಹಿಣಿಯು ಮನೆಯ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಉಗ್ರಾಣಕ್ಕೆ ಒಂದು, ಒಡವೆಯ ಪೆಟ್ಟಿಗೆಗೆ ಒಂದು, ಕಾಗದಪತ್ರಗಳ ಬೀರುವಿಗೆ ಒಂದು, ಹೀಗೆ ಒಂದೊಂದಕ್ಕೂ ಒಂದೊಂದು ಕೈ ಇತ್ತು. ಈಗಲಾದರೋ ಆ ಪೆಟ್ಟಿಗೆಯೂ ಬೀರುವೂ ಬಹುಮಟ್ಟಿಗೆ ಅಂಗೈಯಗಲದ ಸ್ಮಾರ್ಟ್‌ಫೋನಿನೊಳಗೆ ಬಂದು ಸೇರಿವೆ. ಬ್ಯಾಂಕಿನ ಲೆಕ್ಕ, ಪರವೂರಿನಲ್ಲಿರುವ ಮಗಳ ಪತ್ರ, ವೈದ್ಯರ ಚೀಟಿ, ಕುಟುಂಬದ ಭಾವಚಿತ್ರ, ಯಾರಿಗೂ ಹೇಳದೆ ಬರೆದಿಟ್ಟ ನಾಲ್ಕು ಮಾತು ಇವೆಲ್ಲವೂ ಅಲ್ಲಿಯೇ ಇರುವುವಷ್ಟೆ. ಆದಕಾರಣ ಆ ಒಂದು ಬೀಗವು ಎಂಥದು ಎಂಬುದನ್ನು ಚೆನ್ನಾಗಿ ತಿಳಿದುಕೊಳ್ಳುವುದು ಪ್ರತಿಯೊಬ್ಬ ತಾಯಿಗೂ ಮಗಳಿಗೂ ಅವಶ್ಯಕವಾದ ವಿದ್ಯೆಯೇ ಆಗಿದೆ.

ಈ ಬೀಗವನ್ನು ತೆರೆಯುವುದಕ್ಕೆ ಇಂದು ಎರಡು ಉಪಾಯಗಳು ವಿಶೇಷವಾಗಿ ಬಳಕೆಯಲ್ಲಿವೆ. ಬೆರಳನ್ನು ಒತ್ತಿ ತೆರೆಯುವುದು ಒಂದು. ಮುಖವನ್ನು ತೋರಿಸಿ ತೆರೆಯುವುದು ಇನ್ನೊಂದು. ಇವೆರಡರಲ್ಲಿ ಯಾವುದು ಮೇಲೆಂದು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಕೇಳುವುದುಂಟು. ಒಂದೇ ಮಾತಿನಲ್ಲಿ ಉತ್ತರ ಕೊಡತಕ್ಕ ಪ್ರಶ್ನೆ ಇದಲ್ಲ. ಆದುದರಿಂದ ನಾವು ಮೊದಲು ಇವುಗಳ ಪೂರ್ವೋತ್ತರವನ್ನೂ, ತರುವಾಯ ಇವು ಕೆಲಸಮಾಡುವ ಬಗೆಯನ್ನೂ, ಕೊನೆಗೆ ಇವುಗಳ ಗುಣದೋಷಗಳನ್ನೂ ಕ್ರಮವಾಗಿ ವಿಚಾರಮಾಡುವೆವು.

೧. ಪೂರ್ವೋತ್ತರ

ಬೆರಳ ಗುರುತಿನ ಶಾಸ್ತ್ರವು ನಮ್ಮ ದೇಶದ ನೆಲದಲ್ಲಿಯೇ ಬಹಳ ಮಟ್ಟಿಗೆ ಬೆಳೆಯಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬವರು ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರ ಬರೆಯಿಸಿಕೊಂಡಾಗ, ಮುಂದೆ ಆತನು ತನ್ನ ಸಹಿಯನ್ನು ಅಲ್ಲಗಳೆಯದಿರಲೆಂದು, ಅಂಗೈಗೆ ಮಸಿ ಬಳಿಯಿಸಿ ಪತ್ರದ ಹಿಂಬದಿಯಲ್ಲಿ ಒತ್ತಿಸಿಕೊಂಡರು. ಜಪಾನಿನ ಟೋಕಿಯೋ ನಗರದಲ್ಲಿ ವೈದ್ಯ ಮಿಷನರಿಯಾಗಿದ್ದ ಹೆನ್ರಿ ಫಾಲ್ಡ್ಸ್ ಎಂಬ ಸ್ಕಾಟ್‌ಲೆಂಡಿನವರು, ಹಳೆಯ ಮಡಕೆಚೂರುಗಳ ಮೇಲೆ ಕುಂಬಾರರ ಬೆರಳ ಗೆರೆಗಳು ಮೂಡಿರುವುದನ್ನು ಕಂಡು ಈ ವಿಚಾರದಲ್ಲಿ ಆಸಕ್ತರಾಗಿ, ೧೮೮೦ರಲ್ಲಿ 'ನೇಚರ್' ಪತ್ರಿಕೆಗೆ ಲೇಖನವನ್ನು ಬರೆದರು. ಬೆರಳ ತುದಿಯ ಗೆರೆಗಳನ್ನು ಉಜ್ಜಿ ತೆಗೆದರೂ ಅವು ಮೊದಲಿನಂತೆಯೇ ತಿರುಗಿ ಮೂಡುವುವೆಂದು ಅವರು ಪರೀಕ್ಷಿಸಿ ಕಂಡಿದ್ದರು. ೧೮೯೨ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಪಂಡಿತರು ಇದನ್ನು ಕುರಿತು ಗ್ರಂಥವನ್ನೇ ರಚಿಸಿ, ಇಬ್ಬರ ಬೆರಳಚ್ಚುಗಳು ಒಂದೇ ತೆರನಾಗಿರುವ ಸಂಭವವು ೬,೪೦೦ ಕೋಟಿಗೆ ಒಂದೆಂದು ಲೆಕ್ಕಹಾಕಿದರು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚುಗಳ ಕಚೇರಿಯು ಸ್ಥಾಪಿತವಾಯಿತು. ಅಲ್ಲಿಯ ವರ್ಗೀಕರಣದ ಪದ್ಧತಿಗೆ ಎಡ್ವರ್ಡ್ ಹೆನ್ರಿಯವರ ಹೆಸರು ನಿಂತಿತಾದರೂ, ಅದರ ಗಣಿತವನ್ನೂ ಶ್ರಮವನ್ನೂ ಹೊತ್ತವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು.

ಮುಖದ ಗುರುತು ಇದಕ್ಕಿಂತಲೂ ಪುರಾತನವಾದುದು. ಕೂಸು ತಾಯಿಯನ್ನು ಗುರುತಿಸುವುದಕ್ಕೆ ಯಾವ ಶಾಸ್ತ್ರವೂ ಬೇಕಿಲ್ಲ. ಆದರೆ ಅದನ್ನು ಅಳತೆಗೆ ಒಳಪಡಿಸುವುದು ಕಷ್ಟ. ೧೮೮೦ರ ದಶಕದಲ್ಲಿ ಪ್ಯಾರಿಸಿನ ಅಲ್ಫೋನ್ಸ್ ಬರ್ಟಿಯೋನ್ ಎಂಬವರು ಅಪರಾಧಿಗಳ ಅಂಗಾಂಗಗಳನ್ನು ಅಳೆದು, ಮುಖವನ್ನು ಎದುರಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆಯಿಸಿ ಕಾದಿಡುವ ಪದ್ಧತಿಯನ್ನು ನಡೆಯಿಸಿದರು. ಬೆರಳಚ್ಚಿನ ಮುಂದೆ ಆ ಅಳತೆಗಳು ಬಹುಕಾಲ ನಿಲ್ಲಲಿಲ್ಲ. ಮುಖವನ್ನು ನಂಬಿಕೆಗೆ ತಕ್ಕಂತೆ ಅಳೆಯುವ ಯಂತ್ರವು ಜನರ ಕೈಗೆ ಬರಬೇಕಾದರೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು.

೨. ಯಂತ್ರವು ಓದುವ ಬಗೆ

ಬೆರಳ ತುದಿಯ ಚರ್ಮದಲ್ಲಿ ಸಣ್ಣ ದಿಬ್ಬಗಳೂ ಅವುಗಳ ನಡುವೆ ತಗ್ಗುಗಳೂ ಇವೆ. ಫೋನಿನ ಗುಂಡಿಯಲ್ಲಿ ಅಥವಾ ಪಕ್ಕದಲ್ಲಿ ಬಹು ಸೂಕ್ಷ್ಮವಾದ ವಿದ್ಯುತ್ಕೋಶಗಳನ್ನು ಸಾಲಾಗಿ ಹೂಡಿರುತ್ತಾರೆ. ದಿಬ್ಬವು ಅವಕ್ಕೆ ತಾಗುವುದು, ತಗ್ಗಿನಲ್ಲಿ ಗಾಳಿಯಿರುವುದು; ಇದರಿಂದ ಒಂದೊಂದು ಕೋಶದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆಯಾಗಿ ಗೆರೆಗಳ ಚಿತ್ರವು ಮೂಡುವುದು. ಗಾಜಿನ ಪರದೆಯ ಕೆಳಗೇ ಯಂತ್ರವನ್ನು ಅಡಗಿಸಿದ ಫೋನುಗಳಲ್ಲಿ ಬೆಳಕನ್ನು ಹಾಯಿಸಿ ಚಿತ್ರ ತೆಗೆಯುವ ಒಂದು ಬಗೆಯೂ, ಕಿವಿಗೆ ಕೇಳಿಸದ ಶಬ್ದತರಂಗವನ್ನು ಕಳುಹಿಸಿ ಅದರ ಪ್ರತಿಧ್ವನಿಯಿಂದ ತಗ್ಗುದಿಬ್ಬಗಳನ್ನು ಅರಿಯುವ ಇನ್ನೊಂದು ಬಗೆಯೂ ಉಂಟು. ಆಪಲ್ ಕಂಪನಿಯವರು ೨೦೧೩ರಲ್ಲಿ ಐಫೋನ್ ೫ಎಸ್‌ನಲ್ಲಿ ಇದನ್ನು ಇಟ್ಟ ಮೇಲೆ ಈ ಪದ್ಧತಿಯು ಎಲ್ಲೆಡೆ ಹರಡಿತು.

ಮುಖವನ್ನು ಓದುವುದರಲ್ಲಿ ಎರಡು ಜಾತಿಗಳಿವೆ. ಈ ಭೇದವನ್ನು ವಾಚಕರು ಮುಖ್ಯವಾಗಿ ಮನಸ್ಸಿನಲ್ಲಿಡಬೇಕು. ೨೦೧೭ರ ಐಫೋನ್ ಟೆನ್ ಮೊದಲ್ಗೊಂಡು ಬಂದ ಫೇಸ್ ಐಡಿ ಎಂಬ ಪದ್ಧತಿಯಲ್ಲಿ, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ೩೦,೦೦೦ಕ್ಕಿಂತ ಹೆಚ್ಚು ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲಿ, ಮೂಗಿನ ಎತ್ತರ, ಕಣ್ಣಿನ ಕುಳಿ ಮೊದಲಾದುವುಗಳ ಆಳವನ್ನು ಯಂತ್ರವು ಅಳೆಯುತ್ತದೆ. ಕತ್ತಲೆಯಲ್ಲಿಯೂ ಇದು ನಡೆಯುವುದು. ಇನ್ನೊಂದು ಜಾತಿಯಲ್ಲಿ ಮುಂಬದಿಯ ಸಾಧಾರಣ ಕ್ಯಾಮರಾ ಮಾತ್ರವೇ ಮುಖದ ಚಿತ್ರವನ್ನು ನೋಡಿ ಹೋಲಿಸುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ೨೦೧೧ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಮೊದಲು ಬಂದ ಮುಖದ ಬೀಗವು ಯಜಮಾನನ ಭಾವಚಿತ್ರವನ್ನು ಎದುರಿಗೆ ಹಿಡಿದರೂ ತೆರೆದುಕೊಳ್ಳುತ್ತಿತ್ತು.

ಇಲ್ಲಿ ಒಂದು ಸಂದೇಹವು ಹುಟ್ಟಬಹುದು: ನಮ್ಮ ಬೆರಳಿನ ಚಿತ್ರವೂ ಮುಖದ ಚಿತ್ರವೂ ಕಂಪನಿಯವರ ವಶಕ್ಕೆ ಹೋಗುವುವೇ? ಐಫೋನಿನಲ್ಲಿ ಈ ಗುರುತನ್ನು ಅಂಕೆಗಳ ರೂಪಕ್ಕೆ ಮಾರ್ಪಡಿಸಿ ಫೋನಿನೊಳಗಿನ ಪ್ರತ್ಯೇಕವಾದ ಭದ್ರಕೋಶದಲ್ಲಿ ಇಡುತ್ತಾರೆ. ಅದು ಫೋನನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಒಳ್ಳೆಯ ಆಂಡ್ರಾಯ್ಡ್ ಫೋನುಗಳಲ್ಲಿಯೂ ಇಂಥದೇ ಏರ್ಪಾಡಿದೆ.

೩. ತಾರತಮ್ಯ

(ಅ) ಅನ್ಯರನ್ನು ಒಳಗೆ ಬಿಡುವ ದೋಷ. ಗೊತ್ತುಗುರಿಯಿಲ್ಲದ ಒಬ್ಬ ಅನ್ಯನ ಬೆರಳಿಗೆ ಬೀಗವು ತೆರೆದುಕೊಳ್ಳುವ ಸಂಭವವು ೫೦,೦೦೦ಕ್ಕೆ ಒಂದು, ಮುಖಕ್ಕಾದರೆ ೧೦ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಆಪಲ್ ಕಂಪನಿಯವರು ಹೇಳುತ್ತಾರೆ. ಗಾಲ್ಟನ್ನರ ೬,೪೦೦ ಕೋಟಿ ಎಲ್ಲಿ, ಈ ೫೦,೦೦೦ ಎಲ್ಲಿ ಎಂದು ವಾಚಕರು ಬೆರಗಾಗಬಹುದು. ಕಾರಣವೇನೆಂದರೆ, ಫೋನು ಇಡೀ ಬೆರಳಚ್ಚನ್ನು ಪರೀಕ್ಷಿಸುವುದಿಲ್ಲ. ಅದರ ಒಂದು ತುಣುಕನ್ನು ಕ್ಷಣಮಾತ್ರದಲ್ಲಿ ನೋಡಿ ತೀರ್ಮಾನಿಸುತ್ತದೆ. ಐದು ಬೆರಳುಗಳನ್ನು ದಾಖಲುಮಾಡಿದರೆ ಆ ಸಂಭವವು ೧೦,೦೦೦ಕ್ಕೆ ಒಂದರವರೆಗೆ ಏರುವುದು. ಆದಕಾರಣ ಒಂದೆರಡು ಬೆರಳುಗಳೇ ಸಾಕು.

ಹಾಗಾದರೆ ಮುಖವೇ ಮೇಲೆಂದು ಹೇಳಬಹುದೇ? ಅವಸರಪಡಬಾರದು. ಆ ೧೦ ಲಕ್ಷದ ಲೆಕ್ಕವು ದಾರಿಹೋಕರಿಗೆ ಸಲ್ಲುವುದೇ ಹೊರತು ಮನೆಯವರಿಗೆ ಸಲ್ಲುವುದಿಲ್ಲ. ಅವಳಿಜವಳಿಗಳಲ್ಲಿಯೂ, ಒಬ್ಬರನ್ನೊಬ್ಬರು ಹೋಲುವ ಅಕ್ಕತಂಗಿಯರಲ್ಲಿಯೂ, ಮುಖಲಕ್ಷಣಗಳು ಇನ್ನೂ ಪೂರ್ಣವಾಗಿ ಮೂಡದ ೧೩ ವರ್ಷದೊಳಗಿನ ಮಕ್ಕಳಲ್ಲಿಯೂ ಯಂತ್ರವು ತಪ್ಪುವ ಸಂಭವ ಹೆಚ್ಚೆಂದು ಕಂಪನಿಯವರೇ ಒಪ್ಪಿದ್ದಾರೆ. ಬೆರಳಿಗಾದರೋ ಈ ತೊಡಕಿಲ್ಲ. ಅದರ ಗೆರೆಗಳು ಗರ್ಭದಲ್ಲಿರುವಾಗಲೇ ಮೂಡುವುವು. ಒಂದೇ ರೂಪಿನ ಅವಳಿಗಳಿಗೂ ಅವು ಬೇರೆಬೇರೆಯೇ.

(ಆ) ಸ್ವಂತದವರನ್ನೇ ಹೊರಗೆ ನಿಲ್ಲಿಸುವ ದೋಷ. ಪಾತ್ರೆ ತೊಳೆದ ಒದ್ದೆ ಕೈಯನ್ನು ಒತ್ತಿದರೆ ನೀರು ಗೆರೆಗಳ ತಗ್ಗನ್ನು ತುಂಬಿ ಯಂತ್ರಕ್ಕೆ ಗುರುತು ಸಿಕ್ಕುವುದಿಲ್ಲ. ಇದು ಕ್ಷಣಕಾಲದ ತೊಂದರೆ. ಆದರೆ ಬಹುಕಾಲ ಗದ್ದೆಯಲ್ಲಿ ದುಡಿದವರ, ಕಲ್ಲು ಹೊತ್ತವರ, ಮಂಗಳೂರು ಸೀಮೆಯ ಅನೇಕ ತಾಯಂದಿರಂತೆ ಬೀಡಿ ಸುತ್ತಿದವರ, ಮತ್ತು ವೃದ್ಧರ ಬೆರಳಿನ ಗೆರೆಗಳೇ ಸವೆದುಹೋಗಿರುತ್ತವೆ. ಆಧಾರ್ ಚೀಟಿಗೋಸ್ಕರ ಬೆರಳೊತ್ತುವಾಗ ಯಂತ್ರವು ಇಂಥವರನ್ನು ಗುರುತಿಸದೆ, ರೇಷನ್ ಅಂಗಡಿಯ ಮುಂದೆ ಅವರು ಮತ್ತೆ ಮತ್ತೆ ಬೆರಳು ಒರಸಿಕೊಂಡು ನಿಲ್ಲುವುದನ್ನು ವಾಚಕರು ನೋಡಿರಬಹುದು. ಇದರಲ್ಲಿ ಆ ತಾಯಿಯ ತಪ್ಪೇನೂ ಇಲ್ಲ. ಜೀವಮಾನವೆಲ್ಲಾ ದುಡಿದ ಕೈಯನ್ನು ಓದಲಾರದ್ದು ಯಂತ್ರದ ಕೊರತೆಯೇ. ಇಂಥವರಿಗೆ ಮುಖದ ಪದ್ಧತಿಯು ಉಪಕಾರಿ. ಅದಕ್ಕೂ ಅಡ್ಡಿಗಳು ಇಲ್ಲದಿಲ್ಲ. ೨೦೨೦ರ ಕೊರೋನಾ ಕಾಲದಲ್ಲಿ ಮುಖಕ್ಕೆ ಮಾಸ್ಕು ಕಟ್ಟಿದವರನ್ನು ಫೋನು ಗುರುತಿಸದೆ ಎಲ್ಲರೂ ಬೇಸತ್ತರು. ೨೦೨೨ರ ಮಾರ್ಚಿಯಲ್ಲಿ ಐಫೋನ್ ೧೨ ಮತ್ತು ಅದರ ಈಚಿನವುಗಳಿಗೆ, ಕಣ್ಣಿನ ಸುತ್ತಲಿನ ಭಾಗದಿಂದಲೇ ಗುರುತಿಸುವ ಉಪಾಯವು ಬಂದಿತು.

(ಇ) ನಕಲಿನ ಭಯ. ಬೆರಳನ್ನು ಒತ್ತಿದ ಕಡೆಯೆಲ್ಲ, ನೀರಿನ ಲೋಟದ ಮೇಲೆಯೂ ಬಾಗಿಲ ಹಿಡಿಯ ಮೇಲೆಯೂ, ನಾವು ಗುರುತನ್ನು ಬಿಟ್ಟುಹೋಗುತ್ತೇವೆ. ೨೦೧೩ರಲ್ಲಿ ಐಫೋನ್ ೫ಎಸ್ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು, ಗಾಜಿನ ಮೇಲೆ ಉಳಿದ ಗುರುತಿನ ಚಿತ್ರ ತೆಗೆದು, ಅದರಿಂದ ತೆಳುವಾದ ಬೆರಳಚ್ಚನ್ನು ತಯಾರಿಸಿ ಬೀಗವನ್ನು ತೆರೆದು ತೋರಿಸಿದರು. ೨೦೨೩ರಲ್ಲಿ ನಮ್ಮ ಕರ್ನಾಟಕದಲ್ಲಿಯೇ, ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ನಕಲುಮಾಡಿ ಆಧಾರ್ ಮೂಲಕ ಬ್ಯಾಂಕಿನ ಹಣವನ್ನು ಅಪಹರಿಸಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಇದು ಫೋನಿನ ಬೀಗವಲ್ಲವಾದರೂ ಪಾಠವು ಒಂದೇ: ಕಳೆದುಹೋದ ಬೀಗದ ಕೈಗೆ ಬದಲು ಬೇರೊಂದನ್ನು ಮಾಡಿಸಬಹುದು, ಬೆರಳನ್ನು ಮಾಡಿಸಲಾಗದು. ಮುಖವನ್ನಂತೂ ನಾವು ಬಚ್ಚಿಡುವುದೇ ಇಲ್ಲ. ಆಳವನ್ನು ಅಳೆಯುವ ಯಂತ್ರವು ಬರಿಯ ಚಿತ್ರಕ್ಕೆ ಮೋಸಹೋಗುವುದಿಲ್ಲ. ಸಾಧಾರಣ ಕ್ಯಾಮರಾದ ಬೀಗವು ಮೋಸಹೋಗಬಹುದು. ಆದುದರಿಂದಲೇ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಈ ಬೀಗಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿರುತ್ತಾರೆ. ಬೆರಳಿನ ಬೀಗವು ಸಾಮಾನ್ಯವಾಗಿ ಗಟ್ಟಿಯಾದ ತರಗತಿಗೂ, ಸಾಧಾರಣ ಕ್ಯಾಮರಾದ ಮುಖದ ಬೀಗವು ಹೆಚ್ಚಾಗಿ ಕೆಳಗಿನ ತರಗತಿಗೂ ಸೇರುವುವು. ಮುಖದಿಂದ ಫೋನು ತೆರೆದರೂ ಬ್ಯಾಂಕಿನ ಆ್ಯಪು ಬೆರಳನ್ನೋ ಪಿನ್ನನ್ನೋ ಕೇಳುವುದು ಇದೇ ಕಾರಣದಿಂದ.

(ಈ) ಒಪ್ಪಿಗೆಯ ಪ್ರಶ್ನೆ. ಇದು ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದುದು. ನಿದ್ರೆಯಲ್ಲಿರುವವರ ಬೆರಳನ್ನು ಹಿಡಿದು ಫೋನಿಗೆ ಒತ್ತಿದರೆ ಬೀಗವು ತೆರೆದುಕೊಳ್ಳುವುದು. ಒಡತಿ ಒಪ್ಪಿದಳೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಫೇಸ್ ಐಡಿಯಲ್ಲಿ ಕಣ್ಣು ತೆರೆದು ಫೋನಿನ ಕಡೆಗೆ ನೋಡಿದ ಹೊರತು ಬೀಗ ತೆರೆಯದಂತೆ ಏರ್ಪಾಡಿದೆ. ೨೦೧೯ರಲ್ಲಿ ಬಂದ ಗೂಗಲ್ ಪಿಕ್ಸೆಲ್ ೪ ಎಂಬ ಫೋನು ಮಾತ್ರ ಕಣ್ಣು ಮುಚ್ಚಿದ್ದರೂ ತೆರೆದುಕೊಳ್ಳುತ್ತಿದ್ದು, ೨೦೨೦ರಲ್ಲಿ ಅದನ್ನು ಸರಿಪಡಿಸಿದರು. ಎಚ್ಚರವಾಗಿರುವವರನ್ನೂ ಬಲವಂತಪಡಿಸುವವರುಂಟು. ಅಂಥ ಸಮಯದಲ್ಲಿ ಬೆರಳನ್ನು ಒತ್ತಿಸುವುದೂ ಸುಲಭ, ಮುಖಕ್ಕೆ ಫೋನನ್ನು ಹಿಡಿಯುವುದೂ ಸುಲಭ. ಮನಸ್ಸಿನಲ್ಲಿರುವ ಸಂಖ್ಯೆಯನ್ನು ಮಾತ್ರ ಹಾಗೆ ಕಿತ್ತುಕೊಳ್ಳಲಾಗದು.

೪. ಎರಡರ ಹಿಂದಿರುವ ಮೂರನೆಯ ಬೀಗ

ಈ ವಿಚಾರದಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಬೆರಳೂ ಮುಖವೂ ಗುಟ್ಟುಗಳಲ್ಲ, ಲೋಕಕ್ಕೆಲ್ಲ ಕಾಣುವ ಗುರುತುಗಳು. ನಿಜವಾದ ಗುಟ್ಟೆಂದರೆ ಪಿನ್ ಅಥವಾ ಪಾಸ್‌ವರ್ಡ್ ಎಂಬ ಗುಪ್ತಾಕ್ಷರವೇ. ಫೋನನ್ನು ಆರಿಸಿ ತಿರುಗಿ ಹೊತ್ತಿಸಿದಾಗಲೂ, ಐಫೋನಿನಲ್ಲಿ ಐದು ಸಾರಿ ಗುರುತು ತಪ್ಪಿದಾಗಲೂ, ೪೮ ಗಂಟೆ ಬೀಗ ತೆರೆಯದೆ ಬಿಟ್ಟಾಗಲೂ ಯಂತ್ರವು ಬೆರಳನ್ನೂ ಮುಖವನ್ನೂ ಒಪ್ಪದೆ ಆ ಸಂಖ್ಯೆಯನ್ನೇ ಕೇಳುವುದು. ಆದುದರಿಂದ ೧೨೩೪ ಎಂದೋ ಹುಟ್ಟಿದ ವರ್ಷವೆಂದೋ ಸಂಖ್ಯೆಯನ್ನಿಟ್ಟು, ಮೇಲೆ ಬೆರಳಿನ ಬೀಗವನ್ನು ಹಾಕಿಕೊಳ್ಳುವುದು, ಮುಂಬಾಗಿಲಿಗೆ ಕಬ್ಬಿಣದ ಅಗುಳಿ ಹಾಕಿ ಹಿತ್ತಲ ಬಾಗಿಲಿಗೆ ದಾರ ಕಟ್ಟಿದಂತೆಯೇ ಸರಿ.

ಬೆರಳಿನ ಬೀಗವೂ ಮುಖದ ಬೀಗವೂ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ದಿನಕ್ಕೆ ಹಲವಾರು ಸಾರಿ ಬಸ್ಸಿನಲ್ಲಿಯೂ ಅಂಗಡಿಯಲ್ಲಿಯೂ ಹತ್ತು ಜನರ ಎದುರಿನಲ್ಲಿ ಸಂಖ್ಯೆಯನ್ನು ಒತ್ತಿದರೆ ಪಕ್ಕದವರು ನೋಡಿ ಕಲಿತುಕೊಳ್ಳುವರು. ಬೆರಳೂ ಮುಖವೂ ಆ ಸಂಖ್ಯೆಯನ್ನು ಇತರರ ಕಣ್ಣಿಗೆ ಬೀಳದಂತೆ ಕಾಪಾಡುವುವು. ಅವುಗಳ ದೊಡ್ಡ ಉಪಕಾರವು ಇದೇ.

೫. ಯಾರಿಗೆ ಯಾವುದು?

ಸಾಧಾರಣ ಕ್ಯಾಮರಾದ ಫೋನುಳ್ಳವರು ಮುಖವನ್ನು ಬಿಟ್ಟು ಬೆರಳನ್ನೇ ಆರಿಸಿಕೊಳ್ಳತಕ್ಕದ್ದು. ಮನೆಯಲ್ಲಿ ತದ್ರೂಪಿನ ಅಕ್ಕತಂಗಿಯರಿದ್ದರೆ, ಅಥವಾ ಫೋನು ಚಿಕ್ಕ ಹುಡುಗಿಯದಾಗಿದ್ದರೆ, ಅವರಿಗೂ ಬೆರಳೇ ಲೇಸು. ಬೆರಳ ಗೆರೆ ಸವೆದ ಹಿರಿಯರಿಗೆ ಆಳವನ್ನು ಅಳೆಯುವ ಮುಖದ ಬೀಗವು ಅನುಕೂಲ. ಅಂಥ ಫೋನು ಕೈಗೆಟುಕದಿದ್ದರೆ ಆರು ಅಂಕೆಗಳ ಪಿನ್ ಒಂದೇ ಸಾಕು, ಅದರಲ್ಲಿ ಹೀನವೇನೂ ಇಲ್ಲ. ತಮ್ಮ ಬೆರಳನ್ನೋ ಮುಖವನ್ನೋ ಇತರರು ಬಲವಂತವಾಗಿ ಬಳಸಿಯಾರೆಂಬ ಅಂಜಿಕೆಯುಳ್ಳವರು ಎರಡನ್ನೂ ನಿಲ್ಲಿಸುವ ಉಪಾಯವನ್ನು ಕಲಿತಿರಬೇಕು. ಫೇಸ್ ಐಡಿಯುಳ್ಳ ಐಫೋನಿನಲ್ಲಿ ಪಕ್ಕದ ಗುಂಡಿಯನ್ನೂ ಶಬ್ದದ ಗುಂಡಿಯನ್ನೂ ಒಟ್ಟಿಗೆ ಎರಡು ಕ್ಷಣ ಒತ್ತಿ ಹಿಡಿದರೆ, ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಆರಿಸುವ ಗುಂಡಿಯ ಪಟ್ಟಿಯಲ್ಲಿರುವ 'ಲಾಕ್‌ಡೌನ್' ಎಂಬುದನ್ನು ಮುಟ್ಟಿದರೆ, ಸಂಖ್ಯೆಯ ಹೊರತು ಬೇರೇನಕ್ಕೂ ಬೀಗವು ತೆರೆಯುವುದಿಲ್ಲ. ಆಧಾರ್ ವಿಷಯದಲ್ಲಿಯೂ ಬೆರಳಚ್ಚಿನ ಉಪಯೋಗಕ್ಕೆ ಬೀಗ ಹಾಕುವ ಸೌಕರ್ಯವನ್ನು ಸರಕಾರದವರು ಕಲ್ಪಿಸಿದ್ದಾರೆ. ಆಸ್ತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು ಅದನ್ನು ಮರೆಯದೆ ಬಳಸಬೇಕು.

ತಾಯಂದಿರಿಗೆ ನಾವು ಕೊನೆಯದಾಗಿ ಹೇಳುವುದಿಷ್ಟೆ. ಈ ರಜೆಯಲ್ಲಿ ಮಗಳನ್ನು ಹತ್ತಿರ ಕೂಡಿಸಿಕೊಂಡು, ಇಬ್ಬರ ಫೋನುಗಳಲ್ಲಿಯೂ ಯಾರ ಯಾರ ಬೆರಳುಗಳು ದಾಖಲಾಗಿವೆ ಎಂದು ನೋಡಿರಿ, ಬೇಡವಾದುದನ್ನು ಅಳಿಸಿರಿ, ಸುಲಭವಾಗಿ ಊಹಿಸಬಹುದಾದ ಸಂಖ್ಯೆಯಿದ್ದರೆ ಬದಲಾಯಿಸಿರಿ. ತನ್ನದೆಂಬ ವಸ್ತುವಿಗೆ ತಾನೇ ಬೀಗ ಹಾಕಲು ಕಲಿತ ಹುಡುಗಿಯು ಇತರರ ಬೀಗವನ್ನು ಗೌರವಿಸುವುದನ್ನೂ ಕಲಿಯುವಳು.